ಹಿರಿಯ ಜೀವಗಳ ಶುಶ್ರೂಷೆ

ಬಾಲ್ಯ, ಯೌವನ, ಮುಪ್ಪು ಇವು ಮನುಷ್ಯಜೀವನದ ಮೂರು ಘಟ್ಟಗಳು. ಮೊದಲ ಘಟ್ಟದಲ್ಲಿ ನಾವು ಪರಾಧೀನರು, ನಡುವಿನದರಲ್ಲಿ ಸ್ವಾಧೀನರು, ಕೊನೆಯದರಲ್ಲಿ ಮತ್ತೆ ಪರಾಧೀನರು. ಮಗುವಿನ ಪರಾಧೀನತೆಯನ್ನು ಮನೆಯವರೆಲ್ಲರೂ ಸಂತೋಷದಿಂದ ಹೊರುತ್ತಾರೆ. ಏಕೆಂದರೆ ಇಂದು ತೊದಲಿದ ಮಗು ನಾಳೆ ಮಾತನಾಡುತ್ತದೆ, ಇಂದು ಅಂಬೆಗಾಲಿಟ್ಟದ್ದು ನಾಳೆ ಓಡುತ್ತದೆ. ವೃದ್ಧರ ಪರಾಧೀನತೆಯಾದರೋ ದಿನದಿನಕ್ಕೆ ಹೆಚ್ಚುತ್ತ ಹೋಗುವಂಥದು. ಆದುದರಿಂದ ಅವರನ್ನು ನೋಡಿಕೊಳ್ಳುವುದಕ್ಕೆ ಪ್ರೀತಿಯ ಜೊತೆಗೆ ತಾಳ್ಮೆಯೂ, ತಾಳ್ಮೆಯ ಜೊತೆಗೆ ತಿಳಿವಳಿಕೆಯೂ ಬೇಕಾಗುತ್ತವೆ.

ಈ ತಿಳಿವಳಿಕೆ ಹಿಂದೆಂದಿಗಿಂತಲೂ ಇಂದು ಅಗತ್ಯವಾಗಿದೆ. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷಗಳಷ್ಟಿತ್ತು. ಈಗ ಅದು 70 ವರ್ಷಗಳ ಆಸುಪಾಸಿನಲ್ಲಿದೆ. ಸಿಡುಬು ನಿರ್ಮೂಲವಾದುದು, ಪ್ಲೇಗು ಕಾಲರಾಗಳಂತಹ ಪಿಡುಗುಗಳು ಹತೋಟಿಗೆ ಬಂದುದು, ಶಿಶುಮರಣ ಕಡಿಮೆಯಾದುದು ಇದಕ್ಕೆ ಮುಖ್ಯ ಕಾರಣಗಳು. 2011ರ ಜನಗಣತಿಯ ವೇಳೆಗೆ ಭಾರತದಲ್ಲಿ 60 ವರ್ಷ ತುಂಬಿದವರ ಸಂಖ್ಯೆ ಹತ್ತು ಕೋಟಿಯನ್ನು ಮೀರಿತ್ತು. ಆದರೆ ಇದೇ ಅವಧಿಯಲ್ಲಿ ಕುಟುಂಬಗಳು ಚಿಕ್ಕವಾದವು. ಮಕ್ಕಳು ಉದ್ಯೋಗಕ್ಕಾಗಿ ದೂರದ ನಗರಗಳನ್ನು ಸೇರಿದರು. ತುಂಬಿದ ಮನೆಯಲ್ಲಿ ಹತ್ತು ಜನ ಹಂಚಿಕೊಳ್ಳುತ್ತಿದ್ದ ಶುಶ್ರೂಷೆಯ ಭಾರ ಈಗ ಒಬ್ಬಿಬ್ಬರ ಹೆಗಲಿಗೆ ಬಿದ್ದಿದೆ.

ಮುಪ್ಪು ರೋಗವಲ್ಲ, ಅದು ದೇಹದ ಸಹಜವಾದ ಮಾಗುವಿಕೆ. ವಯಸ್ಸಾದಂತೆ ಕಣ್ಣಿನ ಮಸೂರ ಮಬ್ಬಾಗುತ್ತದೆ, ಕಿವಿ ಮಂದವಾಗುತ್ತದೆ, ಮೂಳೆಗಳು ಸಾಂದ್ರತೆಯನ್ನು ಕಳೆದುಕೊಳ್ಳುತ್ತವೆ, ಸ್ನಾಯುಗಳ ಬಲ ಕುಗ್ಗುತ್ತದೆ. ಬಾಯಾರಿಕೆಯ ಅರಿವು ಕೂಡ ಮೊದಲಿನಷ್ಟು ತೀಕ್ಷ್ಣವಾಗಿರುವುದಿಲ್ಲ. ಆದಕಾರಣ ಅವರು ಕೇಳಲಿ ಎಂದು ಕಾಯದೆ ಆಗಾಗ ನೀರನ್ನೋ ಮಜ್ಜಿಗೆಯನ್ನೋ ಕೊಡುವುದು ಒಳ್ಳೆಯದು. ಎಳೆಯರು ಜಾರಿ ಬಿದ್ದರೆ ಮೈ ಕೊಡವಿಕೊಂಡು ಏಳುತ್ತಾರೆ. ಎಪ್ಪತ್ತೈದರ ಅಜ್ಜಿ ಬಿದ್ದರೆ ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿಯಬಹುದು. ಬಚ್ಚಲಿನ ಪಾಚಿಯನ್ನು ಉಜ್ಜಿ ತೆಗೆಯುವುದು, ಗೋಡೆಗೆ ಗಟ್ಟಿಯಾದ ಹಿಡಿಕೆಯೊಂದನ್ನು ಜೋಡಿಸುವುದು, ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ಸಣ್ಣ ದೀಪವೊಂದು ಉರಿಯುವಂತೆ ನೋಡಿಕೊಳ್ಳುವುದು, ನಡೆಯುವ ದಾರಿಯಲ್ಲಿ ಚಾಪೆ, ಚಂಬು, ಪಾದರಕ್ಷೆಗಳು ಬಿದ್ದಿರದಂತೆ ಎತ್ತಿಡುವುದು ಇವೆಲ್ಲ ಹೆಚ್ಚಿನ ಖರ್ಚಿಲ್ಲದ ಕೆಲಸಗಳು. ಕಿವಿ ಮಂದವಾದವರೊಡನೆ ಕಿರುಚಿ ಮಾತನಾಡುವುದಕ್ಕಿಂತ, ಎದುರಿಗೆ ಕುಳಿತು, ಮುಖ ಕಾಣುವಂತೆ, ನಿಧಾನವಾಗಿ ಮಾತನಾಡುವುದು ಹೆಚ್ಚು ಫಲಕಾರಿ.

ದೇಹದ ಮುಪ್ಪನ್ನು ಎಲ್ಲರೂ ಬಲ್ಲರು. ಆದರೆ ಮನಸ್ಸಿಗೆ ಒದಗುವ ಒಂದು ವಿಪತ್ತನ್ನು ಗುರುತಿಸುವುದರಲ್ಲಿ ನಾವು ಬಹುಕಾಲ ಎಡವಿದ್ದೇವೆ. 'ಅರವತ್ತಕ್ಕೆ ಅರಳುಮರುಳು' ಎಂಬ ಗಾದೆ ನಮ್ಮಲ್ಲಿದೆ. ವಯಸ್ಸಾದವರು ಹೇಳಿದ್ದನ್ನೇ ಹೇಳಿದರೆ, ತಿಂದ ಊಟವನ್ನು ಮರೆತು ಮತ್ತೆ ಬಡಿಸಿರೆಂದು ಕೇಳಿದರೆ ಈ ಗಾದೆಯನ್ನು ಆಡಿ ನಕ್ಕು ಸುಮ್ಮನಾಗುವುದುಂಟು. ಸಣ್ಣಪುಟ್ಟ ಮರೆವು ಮುಪ್ಪಿಗೆ ಸಹಜವೇ ಸರಿ. ಕನ್ನಡಕವನ್ನು ಎಲ್ಲಿಟ್ಟೆ ಎಂಬುದು ಮರೆತುಹೋದರೆ ಅದು ಸಾಮಾನ್ಯವಾದ ಮರೆವು. ಕನ್ನಡಕವನ್ನು ಕೈಯಲ್ಲಿ ಹಿಡಿದು, ಇದು ಯಾತಕ್ಕೆ ಬರುವ ವಸ್ತು ಎಂದು ತಿಳಿಯದೆ ನಿಂತರೆ ಅದು ರೋಗದ ಲಕ್ಷಣ. ನಲವತ್ತು ವರ್ಷ ನಡೆದ ಬೀದಿಯಲ್ಲಿ ದಾರಿ ತಪ್ಪುವುದು, ಹಣದ ಲೆಕ್ಕ ಹತ್ತದಿರುವುದು, ನಿತ್ಯವೂ ಮಾಡುತ್ತಿದ್ದ ಹುಳಿಯನ್ನು ಮಾಡುವ ಕ್ರಮವೇ ಮರೆತುಹೋಗುವುದು, ಮಾತಿನ ನಡುವೆ ಪದಗಳು ಸಿಗದಿರುವುದು ಇವೂ ಅಂತಹ ಲಕ್ಷಣಗಳೇ. ಈ ಸ್ಥಿತಿಯನ್ನು ವೈದ್ಯರು ಡಿಮೆನ್ಷಿಯ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಇದಕ್ಕೆ ಮರೆಗುಳಿ ರೋಗವೆಂಬ ಹೆಸರು ಬಳಕೆಯಲ್ಲಿದೆ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ಮೀರಿದವರ ಪೈಕಿ ಶೇಕಡ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ, ಈ ಸ್ಥಿತಿಯಲ್ಲಿದ್ದಾರೆ.

ಇದರ ಪ್ರಕಾರಗಳು ಹಲವು. ಅವುಗಳಲ್ಲಿ ಅತಿ ಸಾಮಾನ್ಯವಾದುದಕ್ಕೆ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್‌ನ ಹೆಸರು ಬಂದಿದೆ. 1901ರಲ್ಲಿ ಫ್ರಾಂಕ್‌ಫರ್ಟ್ ನಗರದ ಮನೋರೋಗ ಚಿಕಿತ್ಸಾಲಯಕ್ಕೆ 51 ವರ್ಷದ ಹೆಂಗಸೊಬ್ಬಳನ್ನು ಕರೆತಂದರು. ಆಕೆಗೆ ವಸ್ತುಗಳ ಹೆಸರು ನೆನಪಿಗೆ ಬರುತ್ತಿರಲಿಲ್ಲ. ಸ್ಥಳ ಕಾಲಗಳ ಪರಿಜ್ಞಾನವಿರಲಿಲ್ಲ. ಗಮನಿಸತಕ್ಕ ಸಂಗತಿಯೆಂದರೆ, ಆಕೆಯಲ್ಲಿ ಮೊದಮೊದಲು ಕಾಣಿಸಿಕೊಂಡ ಲಕ್ಷಣಗಳಲ್ಲಿ ಗಂಡನ ಮೇಲಿನ ಸಂಶಯವೂ ಒಂದಾಗಿತ್ತು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಲ್ಜೈಮರ್ ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದನು. ನರಕೋಶಗಳ ನಡುವೆ ವಿಚಿತ್ರವಾದ ವಸ್ತು ಶೇಖರವಾಗಿರುವುದೂ, ಕೋಶಗಳ ಒಳಗಿನ ತಂತುಗಳು ಸಿಕ್ಕುಸಿಕ್ಕಾಗಿರುವುದೂ ಅವನಿಗೆ ಕಂಡವು. ಅದೇ ವರ್ಷದ ನವೆಂಬರಿನಲ್ಲಿ ಟ್ಯೂಬಿಂಗನ್ನಿನಲ್ಲಿ ನಡೆದ ವೈದ್ಯರ ಸಭೆಯಲ್ಲಿ ಅವನು ಇದನ್ನು ವಿವರಿಸಿದನು. 1910ರಲ್ಲಿ ಎಮಿಲ್ ಕ್ರೇಪಲಿನ್ ತನ್ನ ಗ್ರಂಥದಲ್ಲಿ ಈ ರೋಗಕ್ಕೆ ಆಲ್ಜೈಮರ್‌ನ ಹೆಸರನ್ನಿಟ್ಟನು.

ಈ ರೋಗ ಸಾಮಾನ್ಯವಾಗಿ ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗವನ್ನೂ ಅದರ ಆಸುಪಾಸನ್ನೂ ಮೊದಲು ಆಕ್ರಮಿಸುತ್ತದೆ. ಹೊಸ ಅನುಭವಗಳನ್ನು ನೆನಪಾಗಿ ಮಾರ್ಪಡಿಸುವುದು ಈ ಭಾಗದ ಕಾರ್ಯ. ಆದ್ದರಿಂದಲೇ ರೋಗಿಗೆ ಬೆಳಗಿನ ಉಪಾಹಾರ ನೆನಪಿರುವುದಿಲ್ಲ. ಆದರೆ ಐವತ್ತು ವರ್ಷಗಳ ಹಿಂದಿನ ಮದುವೆಯ ಸಡಗರ ಕಣ್ಣಿಗೆ ಕಟ್ಟಿದಂತಿರುತ್ತದೆ. ಕೈಗೆ ರೂಢಿಯಾದ ಕೆಲಸಗಳು ಇನ್ನೂ ಬಹುಕಾಲ ಉಳಿಯುತ್ತವೆ. ಮಗನ ಹೆಸರನ್ನು ಮರೆತ ತಾಯಿ ಮೊಗ್ಗುಗಳನ್ನು ಮುಂದಿಟ್ಟರೆ ತಪ್ಪಿಲ್ಲದೆ ಮಾಲೆ ಕಟ್ಟಬಲ್ಲಳು. ಮೆದುಳಿಗೆ ರಕ್ತ ಹರಿಯುವ ನಾಳಗಳು ಕೆಟ್ಟು ಉಂಟಾಗುವ ಮರೆಗುಳಿತನ ಮತ್ತೊಂದು ಬಗೆ. ಅಧಿಕ ರಕ್ತದೊತ್ತಡ, ಸಿಹಿಮೂತ್ರ ರೋಗಗಳು ಅದಕ್ಕೆ ದಾರಿಮಾಡುತ್ತವೆ.

ಆಲ್ಜೈಮರ್ ರೋಗವನ್ನು ಸಂಪೂರ್ಣವಾಗಿ ಗುಣಪಡಿಸುವ ಔಷಧ ಇನ್ನೂ ದೊರೆತಿಲ್ಲ. ಕೆಲವು ಔಷಧಗಳಿಂದ ಲಕ್ಷಣಗಳು ಸ್ವಲ್ಪಕಾಲ ತಗ್ಗಬಹುದು. ಹಾಗೆಂದು ವೈದ್ಯರ ಬಳಿಗೆ ಹೋಗದಿರುವುದು ದೊಡ್ಡ ತಪ್ಪು. ಬಿ12 ಜೀವಸತ್ತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಮನಸ್ಸಿನ ಖಿನ್ನತೆ, ತಲೆಗೆ ಪೆಟ್ಟಾಗಿ ಒಳಗೆ ರಕ್ತ ಶೇಖರವಾಗುವುದು, ಕೆಲವು ಔಷಧಗಳ ದುಷ್ಪರಿಣಾಮ ಇವುಗಳಿಂದಲೂ ಮರೆವು ಬರಬಹುದು. ಇವಕ್ಕೆ ಚಿಕಿತ್ಸೆ ಉಂಟು. ಚೆನ್ನಾಗಿದ್ದವರು ಒಂದೆರಡು ದಿನಗಳಲ್ಲೇ ಗೊಂದಲಕ್ಕೊಳಗಾಗಿ ಬಡಬಡಿಸತೊಡಗಿದರೆ, ಮೂತ್ರಕೋಶದ ಅಥವಾ ಶ್ವಾಸಕೋಶದ ಸೋಂಕು ಅದಕ್ಕೆ ಕಾರಣವಾಗಿರಬಹುದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. 'ಅರಳುಮರುಳು' ಎಂದು ಕೈಚೆಲ್ಲಿದರೆ ಗುಣವಾಗಬಹುದಾದ ವ್ಯಾಧಿಯೂ ಗುಣವಾಗದೆ ಉಳಿಯುತ್ತದೆ.

ಇನ್ನು ಮನೆಯಲ್ಲಿ ನಡೆದುಕೊಳ್ಳಬೇಕಾದ ರೀತಿಯನ್ನು ನೋಡೋಣ. ಅತ್ತೆಯೊಬ್ಬರು ತಮ್ಮ ಬಳೆಗಳನ್ನು ತಾವೇ ಎಲ್ಲಿಯೋ ಬಚ್ಚಿಟ್ಟು ಮರೆತಿದ್ದಾರೆ ಎಂದಿಟ್ಟುಕೊಳ್ಳೋಣ. ಬಳೆ ಕಾಣಲಿಲ್ಲ; ಇಟ್ಟ ನೆನಪಿಲ್ಲ. ಉಳಿದದ್ದು ಒಂದೇ ವಿವರಣೆ: ಯಾರೋ ಕದ್ದಿದ್ದಾರೆ. ಹತ್ತಿರದಲ್ಲಿರುವವಳು ಸೊಸೆ, ಆಪಾದನೆ ಅವಳ ಮೇಲೆ ಬೀಳುತ್ತದೆ. ಹಗಲಿರುಳು ಸೇವೆ ಮಾಡಿದವಳಿಗೆ ಕಳ್ಳಿ ಎಂಬ ಹೆಸರು ಬಂದರೆ ಆಗುವ ನೋವು ಸಾಮಾನ್ಯವಾದುದಲ್ಲ. ಎಷ್ಟೋ ಮನೆಗಳಲ್ಲಿ ಮನಸ್ಸುಗಳು ಮುರಿಯುವುದು ಇಂತಹ ಗಳಿಗೆಯಲ್ಲಿಯೇ. ಆದರೆ ಫ್ರಾಂಕ್‌ಫರ್ಟಿನ ಆ ರೋಗಿಯಲ್ಲಿ ಕಂಡ ಸಂಶಯದಂತೆ ಇದೂ ರೋಗದ ಫಲವೆಂಬುದನ್ನು ನೆನಪಿನಲ್ಲಿಡಬೇಕು. ವಾದಿಸಿ ಪ್ರಯೋಜನವಿಲ್ಲ, ಸಾಕ್ಷ್ಯವನ್ನು ತೂಗಿ ನೋಡುವ ಶಕ್ತಿಯೇ ಅವರಲ್ಲಿ ಕುಂದಿರುತ್ತದೆ. "ಬನ್ನಿ ಅತ್ತೆ, ಇಬ್ಬರೂ ಸೇರಿ ಹುಡುಕೋಣ" ಎಂದರೆ ಅವರ ಕಳವಳ ಇಳಿಯುತ್ತದೆ. ಆ ಹೊತ್ತಿನಲ್ಲಿ ಮನೆಯ ಉಳಿದವರು ಸೊಸೆಯ ಪರವಾಗಿ ನಿಂತು ಅವಳಿಗೆ ಧೈರ್ಯ ಹೇಳುವುದೂ ಅಷ್ಟೇ ಮುಖ್ಯ.

ಸಂಜೆಯಾದೊಡನೆ ಕೆಲವು ರೋಗಿಗಳ ಚಡಪಡಿಕೆ ಹೆಚ್ಚುತ್ತದೆ. ತಮ್ಮ ಮನೆಯಲ್ಲೇ ಕುಳಿತು "ನನ್ನನ್ನು ಮನೆಗೆ ಕರೆದುಕೊಂಡು ಹೋಗು" ಎನ್ನುತ್ತಾರೆ. ಅವರು ಕೇಳುವ ಮನೆ ಬಾಲ್ಯದ ತೌರಿರಬಹುದು, ಅಥವಾ ಕಳೆದುಹೋದ ನೆಮ್ಮದಿಯಿರಬಹುದು. ದೀಪ ಹಚ್ಚಿ, ಪಕ್ಕದಲ್ಲಿ ಕುಳಿತು, ಆ ತೌರಿನ ಸುದ್ದಿಯನ್ನೇ ಕೇಳಿದರೆ ಮನಸ್ಸು ತಿಳಿಯಾಗುವುದುಂಟು. ಊಟ, ಸ್ನಾನ, ನಿದ್ರೆಗಳು ದಿನವೂ ಒಂದೇ ವೇಳೆಗೆ ನಡೆಯಬೇಕು. ಒಂದು ಸಲಕ್ಕೆ ಒಂದೇ ಮಾತನ್ನು ಹೇಳಬೇಕು. ಬಚ್ಚಲಿನ ಬಾಗಿಲಿಗೆ ದೊಡ್ಡ ಅಕ್ಷರದ ಪಟ್ಟಿಯನ್ನೋ ಚಿತ್ರವನ್ನೋ ಅಂಟಿಸಬಹುದು. ಅಡುಗೆ ಅನಿಲದ ಕವಾಟವನ್ನು ರಾತ್ರಿ ಮುಚ್ಚಬೇಕು. ಮನೆ ಬಿಟ್ಟು ಹೊರಟುಹೋಗುವ ಸಂಭವವಿದ್ದರೆ, ಹೆಸರು ಮತ್ತು ದೂರವಾಣಿ ಸಂಖ್ಯೆಗಳನ್ನು ಬರೆದ ಚೀಟಿಯನ್ನು ಉಡುಪಿನಲ್ಲಿ ಹೊಲಿದಿಡಬೇಕು. ನೆರೆಹೊರೆಯವರಿಗೂ ಅಂಗಡಿಯವರಿಗೂ ವಿಷಯ ತಿಳಿಸಿರಬೇಕು. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಅವರೆಕಾಯಿ ಬಿಡಿಸುವುದು, ಬಟ್ಟೆ ಮಡಿಸುವುದು ಮುಂತಾದ ಹಗುರವಾದ ಕೆಲಸಗಳನ್ನು ಅವರಿಗೆ ಕೊಡಬೇಕು. ಮಡಿಕೆ ಓರೆಯಾದರೂ ಚಿಂತೆಯಿಲ್ಲ. ತಾವಿನ್ನೂ ಮನೆಗೆ ಬೇಕಾದವರು ಎಂಬ ಭಾವನೆ ಅವರಲ್ಲಿ ಉಳಿಯುತ್ತದೆ.

ರೋಗ ಬಲಿತಾಗ ಹಿರಿಯರು ಹಾಸಿಗೆ ಹಿಡಿಯುತ್ತಾರೆ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ಚರ್ಮಕ್ಕೆ ರಕ್ತಸಂಚಾರ ತಪ್ಪಿ ಹುಣ್ಣಾಗುತ್ತದೆ. ಆದಕಾರಣ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ನುಂಗುವ ಶಕ್ತಿ ಕುಂದುವುದರಿಂದ ಮಲಗಿಸಿ ಉಣಿಸಬಾರದು. ನೆಟ್ಟಗೆ ಕೂರಿಸಿ, ಮೆತ್ತಗಿನ ಆಹಾರವನ್ನು ಸಣ್ಣ ತುತ್ತುಗಳಾಗಿ ಕೊಡಬೇಕು. ಇಲ್ಲವಾದರೆ ಅನ್ನ ಶ್ವಾಸನಾಳಕ್ಕೆ ಇಳಿದು ಅಪಾಯವಾದೀತು.

ಇಷ್ಟನ್ನೂ ಮಾಡುವವರು ಯಾರು? ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ಹೆಂಗಸರು: ಮಡದಿ, ಮಗಳು ಅಥವಾ ಸೊಸೆ. ಅವಳಿಗೆ ರಾತ್ರಿಯ ನಿದ್ರೆಯಿಲ್ಲ. ಹಬ್ಬಕ್ಕೆ, ಮದುವೆಗೆ ಹೋಗಲು ಬಿಡುವಿಲ್ಲ. ಬೇಸತ್ತು ಒಂದು ಮಾತನಾಡಿದರೆ ಲೋಕದ ನಿಂದೆ ಬೇರೆ. ಸೇವೆಯನ್ನು ಧರ್ಮವೆಂದು ಹೊಗಳಿ, ಅದರ ಹೊರೆಯನ್ನು ಒಬ್ಬಳ ಮೇಲೆಯೇ ಹೇರುವುದು ನ್ಯಾಯವಾಗಲಾರದು. ಗಂಡುಮಕ್ಕಳೂ ಹಿರಿಯರನ್ನು ಮೀಯಿಸಲು, ಉಣಿಸಲು, ರಾತ್ರಿ ಎಚ್ಚರವಿರಲು ಕಲಿಯಬೇಕು. ದೂರದಲ್ಲಿರುವವರು ಹಣ ಕಳುಹಿಸಿದರೆ ಸಾಲದು. ಆಗಾಗ ಬಂದು ಕೆಲವು ದಿನವಾದರೂ ಹೊಣೆಯನ್ನು ಹೊತ್ತು, ನೋಡಿಕೊಳ್ಳುವವರಿಗೆ ವಿಶ್ರಾಂತಿ ಕೊಡಬೇಕು.

ಸಮಾಜವೂ ಈ ಹೊಣೆಯಲ್ಲಿ ಪಾಲುದಾರ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹ ರೋಗಿಗಳಿಗೆ ತಪಾಸಣೆಯೂ ಮನೆಯವರಿಗೆ ಸಲಹೆಯೂ ದೊರೆಯುತ್ತವೆ. ಹಿರಿಯ ನಾಗರಿಕರ ನೆರವಿಗಾಗಿ 14567, ಮಾನಸಿಕ ಆರೋಗ್ಯದ ಸಲಹೆಗಾಗಿ 14416 ಎಂಬ ಉಚಿತ ದೂರವಾಣಿ ಸಂಖ್ಯೆಗಳಿವೆ. 2007ರಲ್ಲಿ ಸಂಸತ್ತು ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಒಂದು ಕಾಯಿದೆಯನ್ನು ಮಾಡಿತು. ಅದರಂತೆ, ತಮ್ಮನ್ನು ತಾವೇ ಪೋಷಿಸಿಕೊಳ್ಳಲಾರದ ತಂದೆತಾಯಿಗಳು ಉಪವಿಭಾಗ ಮಟ್ಟದ ನ್ಯಾಯಮಂಡಲಿಗೆ ದೂರು ಕೊಟ್ಟು ಮಕ್ಕಳಿಂದ ಜೀವನಾಂಶ ಪಡೆಯಬಹುದು. ಪ್ರಾಪ್ತವಯಸ್ಕರಾದ ಮೊಮ್ಮಕ್ಕಳೂ ಈ ಕಾಯಿದೆಯ ವ್ಯಾಪ್ತಿಗೆ ಬರುತ್ತಾರೆ. ಕಾಯಿದೆ ಹಣವನ್ನು ಕೊಡಿಸಬಲ್ಲದು. ಪಕ್ಕದಲ್ಲಿ ಕುಳಿತು ಕೈ ಹಿಡಿಯುವುದು ಮಾತ್ರ ಮನೆಯವರ ಪಾಲಿನ ಕೆಲಸ.

ವಿದ್ಯಾರ್ಥಿಗಳಾದ ನೀವೂ ಈ ಕಾರ್ಯದಲ್ಲಿ ಭಾಗಿಗಳಾಗಬಲ್ಲಿರಿ. ಶಾಲೆಯಿಂದ ಬಂದ ಮೇಲೆ ಅರ್ಧ ಗಂಟೆ ಅಜ್ಜನೊಡನೆ ಕುಳಿತು ಹಳೆಯ ಭಾವಚಿತ್ರಗಳನ್ನು ನೋಡಬಹುದು. ಅಜ್ಜಿಗೆ ಬಾಯಿಗೆ ಬರುವ ಹಾಡನ್ನು ಹೇಳಿಸಿ ಬರೆದುಕೊಳ್ಳಬಹುದು. ಅದೇ ಪ್ರಶ್ನೆಯನ್ನು ಹತ್ತನೆಯ ಸಲ ಕೇಳಿದಾಗ ಮೊದಲ ಸಲ ಕೇಳಿದಂತೆಯೇ ಉತ್ತರಿಸಬಹುದು. ಅವರ ಪಾಲಿಗಂತೂ ಅದು ಮೊದಲ ಸಲವೇ. ನಿಮ್ಮ ಮುಂದಿನ ಬಾಳಿಗೂ ಇಲ್ಲಿ ಪಾಠವಿದೆ. ವಿದ್ಯಾಭ್ಯಾಸ, ವ್ಯಾಯಾಮ, ಧೂಮಪಾನವರ್ಜನೆ, ರಕ್ತದೊತ್ತಡದ ನಿಯಂತ್ರಣ, ಜನರೊಡನೆ ಬೆರೆತು ಬಾಳುವುದು ಇವೆಲ್ಲ ಮರೆಗುಳಿತನದ ಸಂಭವವನ್ನು ಕಡಿಮೆ ಮಾಡುತ್ತವೆಂದು ವಿಜ್ಞಾನ ಹೇಳುತ್ತದೆ. ಇಂದು ನೀವು ತರಗತಿಯಲ್ಲಿ ಕಲಿಯುವ ವಿದ್ಯೆಯೂ ನಿಮ್ಮ ಮುಪ್ಪಿಗೆ ಒದಗುವ ಒಂದು ಆಸ್ತಿ.

ಮರೆವು ಆವರಿಸಿದ ಹಿರಿಯರಿಗೆ ನಮ್ಮ ಹೆಸರು ತಿಳಿಯದಿರಬಹುದು. ಆದರೆ ಗದರಿದ ಧ್ವನಿಗೆ ಅವರು ಬೆದರುತ್ತಾರೆ, ಮೃದುವಾದ ಸ್ಪರ್ಶಕ್ಕೆ ಸಮಾಧಾನಗೊಳ್ಳುತ್ತಾರೆ. ಅವರು ನಮ್ಮನ್ನು ಯಾರೆಂದು ಅರಿಯದೆ ಹೋದರೂ, ಅವರು ಯಾರೆಂಬುದನ್ನು ನಾವು ಬಲ್ಲೆವು. ನಮ್ಮ ನಡತೆಗೆ ಅಷ್ಟು ಆಧಾರ ಸಾಕು.