ಬೇಸಿಗೆ ರಜೆಯಲ್ಲಿ ಬೋರ್‌ವೆಲ್ ನೀರಿನ ಲೆಕ್ಕ

ಮನೆಯಲ್ಲಿ ಬಿ.ಎಸ್ಸಿ. ಓದುವ ಮಕ್ಕಳಿರುವ ರೈತರು ಇದನ್ನು ಗಮನಿಸಬೇಕು. ಬೇಸಿಗೆಯಲ್ಲಿ ಎರಡು ತಿಂಗಳು ವಿಜ್ಞಾನಿಗಳ ಕೈಕೆಳಗೆ ಸಂಶೋಧನೆ ಕಲಿಯುವ ಅವಕಾಶವಿದೆ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಇದನ್ನು ನಡೆಸುತ್ತವೆ. ಬೆಂಗಳೂರಿನದು ಸರ್ ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ್ದು. ಉಳಿದೆರಡು ದೆಹಲಿ ಮತ್ತು ಪ್ರಯಾಗ್‌ರಾಜ್‌ನವು. ಆಯ್ಕೆಯಾದವರಿಗೆ ಶಿಷ್ಯವೇತನ, ರೈಲು ಖರ್ಚು ಸಿಗುತ್ತದೆ. ರಜೆಯ ಸಂಶೋಧನೆ ಅಂತ ಹೇಳಿ, ದುಡ್ಡು ಇಸ್ಕೊಂಡು ಬರೀ ಸರ್ಟಿಫಿಕೇಟು ಕೊಡೋರೂ ಇದ್ದಾರೆ, ಹುಷಾರು.

ನಮ್ಮ ಹೊಲದಲ್ಲೇ ವಿಷಯ

ಪರಿಸರ ವಿಜ್ಞಾನ ಅಂದ್ರೆ ಕಾಡು, ಹುಲಿ ಮಾತ್ರ ಅಲ್ಲ. ನಮ್ಮ ಪಾವಗಡದ ಕಡೆ ಮಕ್ಕಳ ಹಲ್ಲು ಕಂದು ಕಲೆಯಾಗೋದು ನೀರಿನ ಫ್ಲೋರೈಡಿನಿಂದ. ಅದು ಗ್ರಾನೈಟ್ ಕಲ್ಲಿನಲ್ಲಿರುವ ಖನಿಜದಿಂದ ಬರುತ್ತದೆ. ನೀರು ಬಂಡೆಯ ಸಂದಿಯಲ್ಲಿ ಬಹಳ ಕಾಲ ನಿಂತಷ್ಟೂ ಹೆಚ್ಚು ಕರಗುತ್ತದೆ. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಆಗಬಹುದು ಅನ್ನೋದು ಸರಕಾರದ ಮಾನದಂಡ.

ಎರಡು ತಿಂಗಳಲ್ಲಿ ಇಡೀ ತಾಲ್ಲೂಕು ಅಳೆಯೋಕಾಗಲ್ಲ. ಒಂದೂರಿನ ಆಳದ ಬೋರು, ಮೇಲಿನ ಬೋರು, ಕೆರೆ ಪಕ್ಕದ ಬಾವಿ ಇವುಗಳಲ್ಲಿ ಫ್ಲೋರೈಡ್ ಎಷ್ಟೆಷ್ಟು? ಇಷ್ಟು ಚಿಕ್ಕ ಪ್ರಶ್ನೆ ಸಾಕು. ಯಾವ ಬೋರು ಎಷ್ಟು ಅಡಿ, ಯಾವ ವರ್ಷದ್ದು ಅನ್ನೋದು ಪುಸ್ತಕದಲ್ಲಿ ಸಿಗಲ್ಲ, ನಮ್ಮ ಬಾಯಲ್ಲಿದೆ. ಹಳ್ಳಿ ಮಕ್ಕಳಿಗೆ ಇದೇ ಬಂಡವಾಳ.

ಏನು ತಯಾರಿ?

ಅರ್ಜಿ ಕರೆಯೋದು ಬೇಸಿಗೆಗೆ ಬಹಳ ಮುಂಚೆಯೇ. ಏಪ್ರಿಲ್‌ನಲ್ಲಿ ಕೇಳಿದರೆ ಪ್ರಯೋಜನವಿಲ್ಲ. ದೀಪಾವಳಿಯಿಂದಲೇ ಕಾಲೇಜಿನಲ್ಲಿ ವಿಚಾರಿಸುತ್ತಿರಬೇಕು. ಅಂಕಪಟ್ಟಿ, ಮೇಷ್ಟ್ರ ಶಿಫಾರಸು ಪತ್ರ, ಜೊತೆಗೆ ತಾನು ಏನು ಕಲಿಯಬೇಕೆಂದು ಬರೆದ ಒಂದು ಬರಹ ಬೇಕು. ಆ ಬರಹ ಬೇರೆಯವರದ್ದನ್ನು ನಕಲು ಮಾಡದೆ, ಸ್ವಂತ ಊರಿನ ಪ್ರಶ್ನೆಯಿಂದ ಶುರುವಾಗಲಿ.

ನನ್ನ ತಮ್ಮನ ಮಗಳು ಎರಡನೇ ವರ್ಷದ ಬಿ.ಎಸ್ಸಿ.ಯಲ್ಲಿದ್ದಾಳೆ, ಈ ಸಲ ಅರ್ಜಿ ಹಾಕ್ತಾಳೆ. ಶೇಂಗಾ ಬಿತ್ತನೆಗೆ ಆಳು ಕಡಿಮೆಯಾಗುತ್ತೆ, ಒಬ್ಬಳೇ ಹುಡುಗಿಯನ್ನು ಅಷ್ಟು ದೂರ ಹೇಗೆ ಕಳಿಸೋದು ಅಂತ ಮನೆಯಲ್ಲಿ ಜಗಳ. ಒಂದು ಬಿತ್ತನೆಗೆ ಕೂಲಿ ಆಳು ಸಿಗ್ತಾರೆ, ಈ ವಯಸ್ಸು ಮತ್ತೆ ಸಿಗಲ್ಲ ಅಂತ ನನ್ನ ಮಾತು. ಎಲ್ಲಿ ಇರ್ತಾಳೆ, ಊಟಕ್ಕೆ ಏನು ವ್ಯವಸ್ಥೆ ಅಂತ ಮೊದಲೇ ಕೇಳಿ ತಿಳ್ಕೊಂಡು ಕಳಿಸೋಣ.

ಇನ್ನೊಂದು ಮಾತು. ಓದುವ ಮಕ್ಕಳು ನಿಮ್ಮ ಬೋರಿನ ನೀರು ಕೇಳಿಕೊಂಡು ಬಂದರೆ ಇಲ್ಲ ಅನ್ನಬೇಡಿ. ಬಾಟಲಿ ತುಂಬಿಸಿ ಕೊಡಿ, ಆಳ ಹೇಳಿ. ಆದರೆ ಲೆಕ್ಕ ಬಂದ ಮೇಲೆ ಚೀಟಿಯಲ್ಲಿ ಬರೆದು ನಮಗೂ ಕೊಡಬೇಕು ಅಂತ ಮಾತು ತಗೊಳ್ಳಿ. ಆ ನೀರು ಕುಡಿಯೋರು ನಾವು.