ಕಣ್ಣಿಗೆ ಒಂದೇ ಕೋಲಾರ, ಕಂಪ್ಯೂಟರ್‌ಗೆ ಎರಡು!

ಟ್ರೈನಿಯಾಗಿ ಸೇರಿ ಮೂರನೇ ವಾರ. ವಿದ್ಯಾರ್ಥಿವೇತನದ ಅರ್ಜಿಗಳನ್ನು ಜಿಲ್ಲಾವಾರು ವಿಂಗಡಿಸುವ ಸಾಫ್ಟ್‌ವೇರ್‌ನ ಟೆಸ್ಟ್‌ಗಳನ್ನು ರನ್ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಾಸನದ ಅರ್ಜಿ ಪಾಸ್. ಗದಗದ್ದು ಪಾಸ್. ಧಾರವಾಡದ್ದೂ ಪಾಸ್. ಕೋಲಾರದ್ದು ಮಾತ್ರ ಫೇಲ್!

ಪರದೆಯ ಮೇಲಿನ ಕೆಂಪು ಸಂದೇಶ ನೋಡಿ ತಲೆ ತಿರುಗಿತು. ನಿರೀಕ್ಷಿಸಿದ್ದು ಯಾವುದು, ಬಂದಿದ್ದು ಯಾವುದು ಎಂದು ಜೆಯೂನಿಟ್ ತೋರಿಸಿತ್ತು ನಿಜ. ಆದರೆ ಎರಡು ಕಡೆಯೂ ಇದ್ದದ್ದು ಕ್ಲಾಸ್‌ನ ಹೆಸರು, ಪಕ್ಕದಲ್ಲೊಂದು @ ಚಿಹ್ನೆ, ಆಮೇಲೆ ಅಂಕಿ, ಅಕ್ಷರ ಬೆರೆತ ಕಲಸುಮೇಲೋಗರ. ಒಂದು ಅರ್ಜಿಯಲ್ಲಿ 14 ವಿವರಗಳಿದ್ದವು. ಯಾವುದು ತಪ್ಪಿದೆ ಎಂಬ ಸುಳಿವೇ ಇಲ್ಲ.

ಮರುದಿನವೇ ರಿಲೀಸ್. ‘ಇದೊಂದು ಟೆಸ್ಟ್ ತೆಗೆದುಬಿಟ್ಟರೆ ಎಲ್ಲವೂ ಹಸಿರು’ ಅನ್ನಿಸಿದ್ದು ಸುಳ್ಳಲ್ಲ. ಅಳಿಸಲು ಕೈಯೂ ಹೋಗಿತ್ತು. ಅಷ್ಟರಲ್ಲಿ ಸೀನಿಯರ್ ಮೇಡಂ ನೋಡಿಬಿಟ್ಟರು.

“ಟೆಸ್ಟ್ ಫೇಲ್ ಆಗಿದ್ದು ತಪ್ಪಲ್ಲ ಕಣಮ್ಮಾ. ಯಾಕೆ ಫೇಲ್ ಆಯ್ತು ಅಂತ ಅದು ಹೇಳ್ತಿಲ್ಲ ನೋಡು, ಮೊದಲು ಅದನ್ನ ಸರಿಮಾಡು” ಅಂದರು.

ಕಾಲೇಜಿನ ಪಾಠ ಆಗ ನೆನಪಾಯಿತು. ಜಾವಾದಲ್ಲಿ ಒಂದು ಆಬ್ಜೆಕ್ಟ್ ತನ್ನ ವಿವರವನ್ನು ಅಕ್ಷರಗಳಲ್ಲಿ ಹೇಳಿಕೊಳ್ಳುವುದು ‘ಟುಸ್ಟ್ರಿಂಗ್’ ಮೆಥಡ್‌ನಿಂದ. ಅದನ್ನು ನಾವು ಬರೆಯದಿದ್ದರೆ ಸಿಗುವುದು ಕ್ಲಾಸ್‌ನ ಹೆಸರು, ಹ್ಯಾಶ್‌ಕೋಡ್ ಅಷ್ಟೇ. ನಮ್ಮ ಕ್ಲಾಸ್‌ನಲ್ಲಿ ಹೋಲಿಕೆಗೆ ಬೇಕಾದ ‘ಈಕ್ವಲ್ಸ್’ ಇತ್ತು, ಟುಸ್ಟ್ರಿಂಗ್ ಇರಲಿಲ್ಲ. ಬರೆದೆ. ಈಗ 14 ವಿವರಗಳೂ ಕಂಡವು, ಆದರೆ ಮಾರುದ್ದದ ಎರಡು ಸಾಲುಗಳಲ್ಲಿ. ಬೆರಳಿಟ್ಟು ಎರಡೆರಡು ಸಲ ಓದಿದೆ. ಎಲ್ಲವೂ ಒಂದೇ!

ಆಗ ಮೇಡಂ ಅಸರ್ಟ್‌ಜೆ ಎಂಬ ಲೈಬ್ರರಿ ತೋರಿಸಿದರು. ಅದರ ‘ರಿಕರ್ಸಿವ್ ಕಂಪ್ಯಾರಿಸನ್’ ಒಂದೊಂದೇ ಫೀಲ್ಡ್ ಹೋಲಿಸಿ, ಬೇರೆಯಾದದ್ದನ್ನು ಹೆಸರಿಟ್ಟು ಹೇಳುತ್ತದೆ. ‘ಜಿಲ್ಲೆ’ ಹೊಂದುತ್ತಿಲ್ಲ ಎಂದಿತು. ಬಂದಿದ್ದು ‘ಕೋಲಾರ’, ಬೇಕಿದ್ದು ‘ಕೋಲಾರ’!

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ಹುಡುಕಬೇಕಾದ ಜಾಗ 14ರಿಂದ ಒಂದಕ್ಕೆ ಇಳಿದಿತ್ತು. ಎರಡೂ ಪದಗಳ ಉದ್ದವನ್ನು ಪ್ರಿಂಟ್ ಮಾಡಿಸಿದೆ. ಒಂದು 5, ಇನ್ನೊಂದು 7! ಯೂನಿಕೋಡ್‌ನಲ್ಲಿ ‘ಕೋ’ ಅಕ್ಷರದ ಸ್ವರವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ. ನಮಗೆ ಬಂದ ಫೈಲ್‌ನಲ್ಲಿ ಬಿಡಿಸಿದ ರೂಪವಿತ್ತು. ಹಾಸನ, ಗದಗ, ಧಾರವಾಡದಲ್ಲಿ ಹೀಗೆ ಬಿಡಿಸುವಂಥ ಸ್ವರಚಿಹ್ನೆ ಇಲ್ಲ, ಹಾಗಾಗಿ ಪಾಸ್. ಕೊಪ್ಪಳ, ಮೈಸೂರು, ಬೀದರ್ ಹಾಕಿದ್ದರೆ ಅವೂ ಫೇಲ್ ಆಗುತ್ತಿದ್ದವು.

ಫೈಲ್ ಓದುವಾಗಲೇ ಪದಗಳನ್ನು ‘ಎನ್‌ಎಫ್‌ಸಿ’ ಎಂಬ ಕೂಡಿಸಿದ ರೂಪಕ್ಕೆ ತರುವ ಒಂದು ಸಾಲು ಸೇರಿಸಿದೆ. ಜಾವಾದ ನಾರ್ಮಲೈಸರ್ ಆ ಕೆಲಸ ಮಾಡುತ್ತದೆ. ಟೆಸ್ಟ್ ಹಸಿರಾಯಿತು. ಜಿಲ್ಲೆಯ ಹೆಸರು ಹೊಂದದಿದ್ದರೆ ಅದರ ಯೂನಿಕೋಡ್ ಸಂಖ್ಯೆಗಳೂ ಸಂದೇಶದಲ್ಲಿ ಕಾಣುವಂತೆ ಮಾಡಿದೆ.

ಆವತ್ತು ಆ ಟೆಸ್ಟ್ ಅಳಿಸಿದ್ದರೆ? ಕೋಲಾರ ಎಂದು ಹುಡುಕಿದವರಿಗೆ ಅಲ್ಲಿನ ವಿದ್ಯಾರ್ಥಿಗಳ ಅರ್ಜಿಗಳೇ ಸಿಗುತ್ತಿರಲಿಲ್ಲ. ಅರ್ಜಿ ಹಾಕಿ ಕಾಯುವುದು ಏನೆಂದು ನನಗೂ ಗೊತ್ತು.

ಪ್ರಾಜೆಕ್ಟ್ ಮಾಡುತ್ತಿರುವ, ಕೆಲಸ ಹುಡುಕುತ್ತಿರುವ ಗೆಳೆಯರೇ, ಇದಕ್ಕೆ ದೊಡ್ಡ ಜಾಣತನ ಬೇಕಿಲ್ಲ. ಜಾವಾ 16 ಅಥವಾ ನಂತರದ ಆವೃತ್ತಿಯಲ್ಲಿ ‘ರೆಕಾರ್ಡ್’ ಬಳಸಿದರೆ ಟುಸ್ಟ್ರಿಂಗ್ ತಾನಾಗಿಯೇ ಸಿಗುತ್ತದೆ. ಪೈಥಾನ್‌ನಲ್ಲಿ ‘ಡೇಟಾಕ್ಲಾಸ್’ ಇದ್ದರೆ ಪೈಟೆಸ್ಟ್ ವ್ಯತ್ಯಾಸವಿರುವ ಫೀಲ್ಡ್‌ಗಳನ್ನು ಹೆಸರಿಸುತ್ತದೆ. ಜೆಯೂನಿಟ್‌ನಲ್ಲಿ ನಿರೀಕ್ಷಿತ ಉತ್ತರ ಮೊದಲು, ಅಸರ್ಟ್‌ಜೆಯಲ್ಲಿ ಬಂದ ಉತ್ತರ ಮೊದಲು. ಅದಲುಬದಲಾದರೆ ಸಂದೇಶವೇ ತಿರುಗುಮುರುಗಾಗುತ್ತದೆ.

ಟೆಸ್ಟ್ ಬರೆದ ಮೇಲೆ ಬೇಕೆಂದೇ ಒಮ್ಮೆ ಫೇಲ್ ಮಾಡಿ, ಸಂದೇಶ ಓದಿ. ನಿಮಗೇ ಅರ್ಥವಾಗದಿದ್ದರೆ ಅಲ್ಲೇ ತಿದ್ದಿ. ರಿಲೀಸ್‌ನ ಹಿಂದಿನ ರಾತ್ರಿ ನಿದ್ದೆಗಣ್ಣಿನಲ್ಲಿ ಅದನ್ನು ಓದಬೇಕಾದವರು ನೀವೇ ಆಗಿರಬಹುದು!