ಕೆಸರು ದಾರಿಗೆ ಯಾವ ಗಾಡಿ?

ಈಗಿನ ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲಿ ಒಂದು ದೃಶ್ಯ ಮೇಲಿಂದ ಮೇಲೆ ಬರುತ್ತಿರುತ್ತದೆ. ನಾಲ್ಕು ದಪ್ಪ ಚಕ್ರ, ಬೈಕಿನಂಥ ಹ್ಯಾಂಡಲ್, ಕುದುರೆ ಮೇಲೆ ಕೂತಂತೆ ಕೂತ ಸವಾರ. ಕೆಸರು ಹಾರಿಸುತ್ತಾ ಗುಡ್ಡ ಹತ್ತುತ್ತಾನೆ. ಕೆಲವು ದೃಶ್ಯಗಳಲ್ಲಿ ಬೆನ್ನಿಗೊಂದು ಬಂದೂಕೂ ಇರುತ್ತದೆ. ಈ ಗಾಡಿಯ ಹೆಸರು ಎಟಿವಿ. ಎಲ್ಲ ಬಗೆಯ ನೆಲದ ಮೇಲೂ ಓಡುವ ಗಾಡಿ ಎಂದು ಅರ್ಥ. ಕ್ವಾಡ್ ಬೈಕ್ ಅಂತಲೂ ಕರೆಯುತ್ತಾರೆ.

ಭದ್ರಾವತಿಯ ಹೊರಗೆ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ತಂಗಿಯ ಮಗನಿಗೆ ಹೋದ ಮಳೆಗಾಲದಲ್ಲಿ ಇದರ ಮೇಲೆ ಮನಸ್ಸಾಯಿತು. ಅವನಿಗಿಂತ ಹೆಚ್ಚಾಗಿ ಅವನ 13 ವರ್ಷದ ಮಗನಿಗೆ. ಶಿವಮೊಗ್ಗದ ನಮ್ಮ ಮನೆಗೆ ಇಬ್ಬರೂ ಬಂದರು. "ಮಾವ, ನೀವು ಬ್ಯಾಂಕಿನಲ್ಲಿ ಎಷ್ಟೋ ಟ್ರ್ಯಾಕ್ಟರ್, ಜೀಪಿನ ಸಾಲದ ಕಾಗದ ನೋಡಿದವರು. ಯಾವುದು ತಗೊಂಡ್ರೆ ಒಳ್ಳೇದು ಅಂತ ಒಂದು ಲೆಕ್ಕ ಹಾಕಿ ಹೇಳಿ" ಅಂದ.

ಸಾಲದ ವಿಭಾಗದಲ್ಲಿ ಕೂತವರಿಗೆ ಒಂದು ಅಭ್ಯಾಸ ಇರುತ್ತದೆ. ಗಾಡಿಯ ಹೆಸರು ಆಮೇಲೆ, ಕೆಲಸ ಯಾವುದು ಎಂಬುದು ಮೊದಲು. ಒಂದು ಹಾಳೆಯ ಮೇಲೆ ನಾಲ್ಕು ಪ್ರಶ್ನೆ ಬರೆದೆವು. ಎಲ್ಲಿ ಓಡಿಸುವುದು? ಯಾರು ಓಡಿಸುವುದು? ಏನು ಹೊರುವುದು? ವರ್ಷಕ್ಕೆ ಎಷ್ಟು ದಿನ? ಇಂಥ ಆಸೆ ಹಲವು ಮನೆಗಳಲ್ಲಿ ಇರಬಹುದು. ಆದ್ದರಿಂದ ನಾವು ಕಂಡುಕೊಂಡ ಉತ್ತರಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಿಂದ ಬಂತು ಈ ಗಾಡಿ?

1970ರಲ್ಲಿ ಜಪಾನಿನ ಹೋಂಡಾ ಕಂಪನಿ ಅಮೆರಿಕದ ಮಾರುಕಟ್ಟೆಗೆ ಮೂರು ಚಕ್ರದ ಒಂದು ಗಾಡಿ ತಂದಿತು. ಅಲ್ಲಿ ಚಳಿಗಾಲದಲ್ಲಿ ಹಿಮ ಬಿದ್ದಾಗ ಮೋಟಾರ್ ಸೈಕಲ್ ವ್ಯಾಪಾರ ನಿಂತುಹೋಗುತ್ತಿತ್ತು. ಆಗಲೂ ಅಂಗಡಿಯವರಿಗೆ ಮಾರಲು ಏನಾದರೂ ಬೇಕಿತ್ತು. ಬಲೂನಿನಂಥ ಟೈರಿನ ಈ ಗಾಡಿ ಹಿಮ, ಮರಳು, ಕೆಸರು ಎಲ್ಲದರ ಮೇಲೂ ಓಡಿತು. 1980ರ ದಶಕದಲ್ಲಿ ಸುಜುಕಿ ನಾಲ್ಕು ಚಕ್ರದ ಗಾಡಿ ತಂದಿತು. ಮೂರು ಚಕ್ರದವು ತಿರುವಿನಲ್ಲಿ ಮಗುಚಿ ಬಹಳ ಜನ ಪೆಟ್ಟು ತಿಂದಿದ್ದರು. 1988ರಲ್ಲಿ ಕಂಪನಿಗಳು ಅಮೆರಿಕ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಅವುಗಳ ಮಾರಾಟ ನಿಲ್ಲಿಸಿದವು. ಮೈಲುಗಟ್ಟಲೆ ಸ್ವಂತ ಜಮೀನಿರುವ ರೈತರು, ಪರವಾನಗಿ ಪಡೆದ ಬೇಟೆಗಾರರು ಇರುವ ದೇಶಕ್ಕೆ ಹೊಂದುವಂತೆ ಹುಟ್ಟಿದ ಗಾಡಿ ಇದು. ನಮ್ಮೂರಿಗೆ ತರುವಾಗ ಈ ಮಾತು ನೆನಪಿರಬೇಕು.

ಎಲ್ಲಿ ಓಡಿಸುವುದು?

ನಮ್ಮಲ್ಲಿ ಮಾರುವ ಎಟಿವಿಗಳಲ್ಲಿ ಹೆಚ್ಚಿನವು ರಸ್ತೆಗಲ್ಲ. ಅವಕ್ಕೆ ಆರ್‌ಟಿಒ ನೋಂದಣಿ ಸಿಗುವುದಿಲ್ಲ, ನಂಬರ್ ಪ್ಲೇಟ್ ಇರುವುದಿಲ್ಲ. ತೋಟದಿಂದ ಊರಿನ ಅಂಗಡಿಗೆ ಹೋಗಿಬರಲು ನೂರು ಗಜ ಡಾಂಬರು ರಸ್ತೆ ಹಿಡಿದರೂ ತಪ್ಪಾಗುತ್ತದೆ. ಆರ್‌ಸಿ ಪುಸ್ತಕವೇ ಇಲ್ಲದ ಮೇಲೆ ಅದರಲ್ಲಿ ಬ್ಯಾಂಕಿನ ಹೆಸರು ನಮೂದಿಸುವಂತಿಲ್ಲ. ಹಾಗಾಗಿ ಮಾಮೂಲು ವಾಹನ ಸಾಲವೂ ಕಷ್ಟ, ಮಾಮೂಲು ವಾಹನ ವಿಮೆಯೂ ಕಷ್ಟ. ಅಂಗಡಿಯವನು "ನೋಂದಣಿ ಆಗುತ್ತೆ ಸಾರ್" ಅಂದರೆ, ಯಾವ ವರ್ಗದ ವಾಹನವಾಗಿ ಆಗುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ. ಮುಂಗಡ ಕೊಡುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಚಾರಿಸಿ.

ಹಾಗಾದರೆ ಕಾಡಿನ ದಾರಿ? ಭದ್ರಾವತಿಯ ಒಂದು ಬದಿಗೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಶಿವಮೊಗ್ಗದ ಮಗ್ಗುಲಲ್ಲೇ ಶೆಟ್ಟಿಹಳ್ಳಿ ಅಭಯಾರಣ್ಯ. ಇವುಗಳ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ನಡೆದುಕೊಂಡೂ ಹೋಗುವಂತಿಲ್ಲ. ಇನ್ನು ಸದ್ದು ಮಾಡುವ ಗಾಡಿಯ ಮಾತೆಲ್ಲಿ?

ಶಿಕಾರಿಯ ಮಾತು

ನಮ್ಮ ಹುಡುಗ ಇಲ್ಲಿ ಬಾಯಿ ಹಾಕಿದ. "ಅಜ್ಜ, ಮುಂಚೆ ಎಲ್ಲರೂ ಶಿಕಾರಿ ಮಾಡ್ತಿದ್ರಂತಲ್ಲ?"

ಮಾಡುತ್ತಿದ್ದರು. ನಮ್ಮ ಜಿಲ್ಲೆಯ ಒಂದು ತಾಲ್ಲೂಕಿನ ಹೆಸರೇ ಶಿಕಾರಿಪುರ. ಸಾಗರ ರಸ್ತೆಯ ಚೋರಡಿಯ ಹುಲಿಯ ಬಗ್ಗೆ ಕೆನೆತ್ ಆಂಡರ್ಸನ್ ಬರೆದದ್ದನ್ನು ಇಂಗ್ಲಿಷ್ ಓದುವ ದೇಶಗಳಲ್ಲೆಲ್ಲ ಓದಿದ್ದಾರೆ. ಆದರೆ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಮೊದಮೊದಲು ಕೆಲವು ಪ್ರಾಣಿಗಳಿಗೆ ಪರವಾನಗಿ ಕೊಡುವ ಅವಕಾಶ ಅದರಲ್ಲಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಈಗ ಮೋಜಿಗಾಗಿ ಬೇಟೆ ಎಂಬುದು ನಮ್ಮಲ್ಲಿ ಅಪರಾಧ. ಜೈಲು ಉಂಟು, ದಂಡ ಉಂಟು, ಬಳಸಿದ ಕೋವಿ ಮತ್ತು ಗಾಡಿಯ ಜಪ್ತಿಯೂ ಉಂಟು.

"ಹಂದಿ ಬಂದು ತೋಟ ಹಾಳು ಮಾಡಿದ್ರೆ?" ಅಂದ. ಕೇಳಬೇಕಾದ ಪ್ರಶ್ನೆಯೇ. ಆ ನಷ್ಟ ಅನುಭವಿಸಿದವರಿಗೇ ಗೊತ್ತು. ಅದಕ್ಕೆ ದಾರಿ ಬೇಲಿ, ರಾತ್ರಿ ಕಾವಲು, ಅರಣ್ಯ ಇಲಾಖೆಗೆ ಬೆಳೆ ಪರಿಹಾರದ ಅರ್ಜಿ. ಗಾಡಿ ಹತ್ತಿ ಅಟ್ಟಿಸಿಕೊಂಡು ಹೋಗುವುದಲ್ಲ. ಆದ್ದರಿಂದ ಹಾಳೆಯಲ್ಲಿ 'ಶಿಕಾರಿ' ಎಂದು ಬರೆದಿದ್ದ ಸಾಲಿಗೆ ಅಡ್ಡಗೆರೆ ಎಳೆದೆವು. ಉಳಿದದ್ದು ಸ್ವಂತ ತೋಟದ ಒಳಗಿನ ದಾರಿ ಮಾತ್ರ.

ಯಾರು ಓಡಿಸುವುದು?

ಮಕ್ಕಳೇ, ಇಲ್ಲೊಂದು ಸಣ್ಣ ಪ್ರಯೋಗ ಮಾಡಿ. ಪರೀಕ್ಷೆಗೆ ಒಯ್ಯುವ ರಟ್ಟಿನ ಮೇಲೆ ಒಂದು ಬೆಂಕಿಪೊಟ್ಟಣವನ್ನು ಅಗಲವಾಗಿ ಮಲಗಿಸಿಡಿ, ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ. ರಟ್ಟಿನ ಒಂದು ಅಂಚನ್ನು ನಿಧಾನವಾಗಿ ಎತ್ತಿ. ನಿಂತದ್ದು ಬೇಗ ಮಗುಚುತ್ತದೆ. ಮಲಗಿದ್ದು ಜಾರಬಹುದು, ಮಗುಚುವುದಿಲ್ಲ. ಭಾರದ ಕೇಂದ್ರ ಎತ್ತರದಲ್ಲಿದ್ದು ಬುಡ ಕಿರಿದಾಗಿದ್ದರೆ ಯಾವುದೇ ವಸ್ತು ಬೇಗ ಉರುಳುತ್ತದೆ.

ಎಟಿವಿಯ ಲೆಕ್ಕವೂ ಇದೇ. ಉದಾಹರಣೆಗೆ ಎಡ, ಬಲ ಚಕ್ರಗಳ ನಡುವೆ 100 ಸೆಂಟಿಮೀಟರ್ ಅಂತರ ಇರಲಿ, ಭಾರದ ಕೇಂದ್ರ ನೆಲದಿಂದ 60 ಸೆಂಟಿಮೀಟರ್ ಎತ್ತರ ಇರಲಿ. ಅಂತರದ ಅರ್ಧ 50. ಅದನ್ನು 60ರಿಂದ ಭಾಗಿಸಿದರೆ 0.83. ಅಂದರೆ ಪಕ್ಕಕ್ಕೆ ಸುಮಾರು 40 ಡಿಗ್ರಿ ಓರೆಯಾಗುವವರೆಗೆ ನಿಂತ ಗಾಡಿ ತಡೆದುಕೊಳ್ಳುತ್ತದೆ. ಹಿಂದೆ ಇನ್ನೊಬ್ಬರು ಕೂತು ಕೇಂದ್ರ 75ಕ್ಕೆ ಏರಿತು ಅನ್ನಿ. ಈಗ ಅದು 0.67, ಸುಮಾರು 34 ಡಿಗ್ರಿ. ಇದು ನಿಂತ ಗಾಡಿಯ ಲೆಕ್ಕ. ವೇಗವಾಗಿ ತಿರುಗಿಸಿದರೆ, ಒಂದು ಚಕ್ರ ಕಲ್ಲು ಹತ್ತಿದರೆ ಇನ್ನೂ ಬೇಗ ಮಗುಚುತ್ತದೆ. ಅದಕ್ಕೇ ಒಬ್ಬರಿಗೆಂದು ಮಾಡಿದ ಗಾಡಿಯಲ್ಲಿ ಇಬ್ಬರು ಕೂರಬಾರದು.

ದೊಡ್ಡವರ ಎಟಿವಿಯ ತೂಕ 300 ಕೆಜಿ ದಾಟಬಹುದು. ತಿರುವಿನಲ್ಲಿ ಸವಾರ ತನ್ನ ಮೈಭಾರವನ್ನು ಆ ಕಡೆ ಈ ಕಡೆ ಸರಿಸಿ ಗಾಡಿಯನ್ನು ಹಿಡಿತದಲ್ಲಿಡಬೇಕು. 40 ಕೆಜಿಯ ಹುಡುಗ ಎಷ್ಟು ವಾಲಿದರೂ ಅದಕ್ಕೆ ಲೆಕ್ಕವಿಲ್ಲ. ಮಗುಚಿದರೆ ಮೇಲೆ ಬೀಳುವುದು ಅದೇ 300 ಕೆಜಿ. ಜೀಪಿನಲ್ಲಾದರೆ ಸುತ್ತ ಕಬ್ಬಿಣದ ಗೂಡು, ಸೀಟ್ ಬೆಲ್ಟ್ ಇರುತ್ತದೆ. ಇಲ್ಲಿ ಅವೆರಡೂ ಇಲ್ಲ. 16 ವರ್ಷದೊಳಗಿನ ಮಕ್ಕಳು ಎಟಿವಿ ಓಡಿಸಲೇಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುತ್ತಾ ಬಂದಿದೆ.

ಅಜ್ಜ ಅಜ್ಜಿಯರೇ, ಇನ್ನೊಂದು ಮಾತು ನಿಮಗೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದ ಮೇಲೆ, ಅಪ್ರಾಪ್ತ ವಯಸ್ಸಿನವರು ರಸ್ತೆಯಲ್ಲಿ ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಆಗಬಹುದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. "ಇಲ್ಲೇ ಒಂದು ಸುತ್ತು ಹೋಗ್ಬರ್ಲಿ ಬಿಡು" ಎಂದು ಮುದ್ದಿನಿಂದ ಬೀಗದ ಕೈ ಕೊಡುವವರು ಸಾಮಾನ್ಯವಾಗಿ ನಾವೇ.

ಏನು ಹೊರುವುದು?

ಎಟಿವಿಯ ಒಳ್ಳೆಯ ಗುಣವನ್ನೂ ಹೇಳಬೇಕು. ಅದು ಕೆಸರಿನಲ್ಲಿ ಹೂತುಕೊಳ್ಳುವುದು ಕಡಿಮೆ. ಕಾರಿನ ಟೈರಿಗೆ ಸುಮಾರು 30 ಪೌಂಡು ಗಾಳಿ ಹಿಡಿಸುತ್ತೇವೆ. ಎಟಿವಿಯ ಟೈರಿಗೆ 5ರಿಂದ 7 ಪೌಂಡು ಸಾಕು. ಟೈರು ಚಪ್ಪಟೆಯಾಗಿ ಅಗಲಕ್ಕೆ ಕೂರುತ್ತದೆ, ಭಾರ ಹರಡುತ್ತದೆ. ಜೀಪು ಪ್ರತಿ ಚದರ ಸೆಂಟಿಮೀಟರ್ ನೆಲದ ಮೇಲೆ ಸುಮಾರು 2 ಕೆಜಿ ಭಾರ ಹಾಕಿದರೆ ಎಟಿವಿ ಅರ್ಧ ಕೆಜಿಯಷ್ಟೂ ಹಾಕುವುದಿಲ್ಲ. ಸಕ್ರೆಬೈಲಿನ ಆನೆಯ ಲೆಕ್ಕ ಕೇಳಿ. 4,000 ಕೆಜಿ ತೂಗುವ ಆನೆಯ ಒಂದೊಂದು ಪಾದವೂ 40 ಸೆಂಟಿಮೀಟರ್ ಅಗಲ ಇದ್ದರೆ, ನಿಂತಾಗ ಚದರ ಸೆಂಟಿಮೀಟರಿಗೆ ಬೀಳುವುದು 0.8 ಕೆಜಿ ಮಾತ್ರ. ಆನೆಗಿಂತ ಜೀಪು ನೆಲವನ್ನು ಹೆಚ್ಚು ಒತ್ತುತ್ತದೆ!

ಆದರೆ ನಮ್ಮ ತೋಟದಲ್ಲಿ ಹೊರಬೇಕಾದದ್ದು ಸವಾರನನ್ನಲ್ಲ. ಅಡಿಕೆ ಗೊನೆ, ಗೊಬ್ಬರ, ಸೊಪ್ಪು, ಪಂಪ್‌ಸೆಟ್ಟು. ಅದಕ್ಕೆ ಟ್ರೈಲರ್ ಸಿಕ್ಕಿಸಿದ ಪವರ್ ಟಿಲ್ಲರ್ ಇದೆ, ಅದರ ರಿಪೇರಿ ಗೊತ್ತಿರುವವರೂ ಊರಲ್ಲೇ ಸಿಗುತ್ತಾರೆ. ಹೆಂಡತಿ, ಮಕ್ಕಳು, ವಯಸ್ಸಾದ ತಾಯಿಯನ್ನು ಮಳೆಗಾಲದಲ್ಲಿ ಮಣ್ಣು ರಸ್ತೆ ದಾಟಿಸಿ ಆಸ್ಪತ್ರೆಗೋ ಮದುವೆಗೋ ಕರೆದೊಯ್ಯಲು ಜೀಪೇ ಬೇಕು.

ಜೀಪು ಏನು ಮಾಡಬಲ್ಲದು ಎಂದು ನೋಡಲು ದೂರ ಹೋಗಬೇಕಾಗಿಲ್ಲ. ನಮ್ಮ ಹೊಸನಗರ ತಾಲ್ಲೂಕಿನ ಕೊಡಚಾದ್ರಿ 1,343 ಮೀಟರ್ ಎತ್ತರ. ಕಲ್ಲು, ಕೊರಕಲು ತುಂಬಿದ ಆ ದಾರಿಯಲ್ಲಿ ಬಾಡಿಗೆ ಜೀಪಿನವರು ಜನ ತುಂಬಿಕೊಂಡು ಹತ್ತುತ್ತಾರೆ. ಅಲ್ಲಿ ಕೆಲಸಕ್ಕೆ ಬರುವುದು ವೇಗವಲ್ಲ, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ವ್ಯವಸ್ಥೆ. ಲೋ ಗೇರ್ ಹಾಕಿದರೆ ಗಾಡಿ ನಿಧಾನವಾಗಿ, ಬಲವಾಗಿ ಏರುತ್ತದೆ. ಇಳಿಯುವಾಗ ಬ್ರೇಕನ್ನೇ ತುಳಿಯದೆ ಎಂಜಿನ್ನೇ ತಡೆಯುವಂತೆಯೂ ಮಾಡಬಹುದು. ಹೊಟ್ಟೆ ನೆಲಕ್ಕೆ ತಾಗದಷ್ಟು ಎತ್ತರವೂ ಬೇಕು. 2020ರಲ್ಲಿ ಬಂದ ಥಾರ್‌ನದು 226 ಮಿಲಿಮೀಟರ್, ಜಿಮ್ನಿಯದು 210. ಕೊಳ್ಳುವಾಗ ಬಣ್ಣ, ಹಾಡಿನ ಪೆಟ್ಟಿಗೆಗಿಂತ ಮೊದಲು ಇವುಗಳನ್ನು ಕೇಳಬೇಕು.

ವರ್ಷಕ್ಕೆ ಎಷ್ಟು ದಿನ?

ಲೆಕ್ಕಕ್ಕಾಗಿ ಎಟಿವಿಯ ಬೆಲೆ 8 ಲಕ್ಷ ರೂಪಾಯಿ ಎಂದಿಟ್ಟುಕೊಂಡೆವು. 8 ವರ್ಷದ ಮೇಲೆ ಮಾರಿದರೆ 2 ಲಕ್ಷ 40 ಸಾವಿರ ಬಂತು ಎನ್ನೋಣ. ಸವಕಳಿ ವರ್ಷಕ್ಕೆ 70,000. ಹಾಕಿದ ಹಣಕ್ಕೆ ಶೇಕಡಾ 9ರಂತೆ ಮೊದಲ ವರ್ಷದ ಬಡ್ಡಿ 72,000. ಸರ್ವಿಸ್, ಟೈರು, ಬಿಡಿಭಾಗಕ್ಕೆ 25,000. ಒಟ್ಟು 1,67,000. ವರ್ಷಕ್ಕೆ 60 ದಿನ ಓಡಿಸಿದರೆ ದಿನಕ್ಕೆ 2,783 ರೂಪಾಯಿ, ಅದೂ ಪೆಟ್ರೋಲ್ ಬಿಟ್ಟು! ಹುಡುಗ ಕ್ಯಾಲ್ಕುಲೇಟರ್ ಒತ್ತಿ ನೋಡಿ ಸುಮ್ಮನಾದ. ಅವನಪ್ಪ ನಕ್ಕ.

ಬೇಕೇ ಬೇಕು ಎನ್ನುವವರಿಗೆ

ನೂರಾರು ಎಕರೆ ಕಾಫಿ ಎಸ್ಟೇಟ್ ಇರುವವರಿಗೆ, ಸುತ್ತಾಡಿ ಮೇಲುಸ್ತುವಾರಿ ಮಾಡುವವರಿಗೆ ಎಟಿವಿ ಉಪಯೋಗಕ್ಕೆ ಬರಬಹುದು. ಅಂಥವರು ನಾಲ್ಕು ವಿಷಯ ನೋಡಿಕೊಳ್ಳಲಿ. ನಾಲ್ಕು ಚಕ್ರಕ್ಕೂ ಬಲ ಹೋಗುವಂಥದ್ದೇ ಇರಲಿ. ಸರ್ವಿಸ್ ಮಾಡುವವರು ಎಷ್ಟು ದೂರದಲ್ಲಿದ್ದಾರೆ, ಬಿಡಿಭಾಗ ಬರಲು ಎಷ್ಟು ದಿನ ಬೇಕು ಎಂದು ಕೇಳಿ. ನಿಮ್ಮ ತೋಟದ ಅತಿ ಕಿರಿದಾದ ಕಾಲುಸಂಕದ ಅಗಲವನ್ನು ಟೇಪಿನಿಂದ ಅಳೆದುಕೊಂಡೇ ಅಂಗಡಿಗೆ ಹೋಗಿ. ಹೆಲ್ಮೆಟ್, ಕಣಕಾಲು ಮುಚ್ಚುವ ಬೂಟು, ಕೈಗವಸು ಇಷ್ಟರ ಹಣವನ್ನು ಗಾಡಿಯ ಬೆಲೆಯಲ್ಲೇ ಸೇರಿಸಿಕೊಳ್ಳಿ.

ನಮ್ಮವನು ಕೊನೆಗೆ ಟಿಲ್ಲರಿಗೆ ಒಂದು ಟ್ರೈಲರ್ ಮಾಡಿಸಿದ. ಒಳ್ಳೆಯ ಸ್ಥಿತಿಯಲ್ಲಿದ್ದ ಹಳೆಯ ಫೋರ್‌ವೀಲ್ ಡ್ರೈವ್ ಜೀಪೊಂದನ್ನು ಕಾಗದಪತ್ರ ಪರೀಕ್ಷಿಸಿ ಕೊಂಡ. ಹುಡುಗನಿಗೆ ಗೇರ್ ಇರುವ ಸೈಕಲ್ ಬಂತು. ಲೈಸೆನ್ಸ್ ಬೇಡ, ಪೆಟ್ರೋಲ್ ಬೇಡ, ಸದ್ದಿಲ್ಲ. ತೋಟದ ಏರಿನಲ್ಲಿ ಯಾವ ಗೇರ್ ಹಾಕಬೇಕು ಎಂದು ಅವನೇ ಕಲಿತಿದ್ದಾನೆ. ಕೊಡಚಾದ್ರಿಯ ಜೀಪಿನವರು ಮಾಡುವುದೂ ಅದನ್ನೇ.

ಕಾಡು ನೋಡುವ ಆಸೆ ಇದ್ದವರಿಗೆ ದಾರಿ ತೆರೆದೇ ಇದೆ. ಲಕ್ಕವಳ್ಳಿಯಿಂದ ಭದ್ರಾ ಕಾಡಿಗೆ ಜೀಪಿನಲ್ಲೂ ಹಿನ್ನೀರಿನಲ್ಲಿ ದೋಣಿಯಲ್ಲೂ ಸಫಾರಿ ಕರೆದೊಯ್ಯುತ್ತಾರೆ. ಸಾಗರ ರಸ್ತೆಯ ತ್ಯಾವರೆಕೊಪ್ಪದಲ್ಲಿ ಹುಲಿ, ಸಿಂಹ ನೋಡಬಹುದು. ತೀರ್ಥಹಳ್ಳಿ ರಸ್ತೆಯ ಸಕ್ರೆಬೈಲಿಗೆ ಬೆಳಿಗ್ಗೆ ಹೋದರೆ ಆನೆಗಳು ತುಂಗೆಯಲ್ಲಿ ಸ್ನಾನ ಮಾಡುವುದು ಕಾಣುತ್ತದೆ. ಹೋಗುವಾಗ ಮೊಮ್ಮಕ್ಕಳ ಕೈಗೆ ಒಂದು ನೋಟ್‌ಪುಸ್ತಕ ಕೊಡಿ. ಕಂಡ ಪ್ರಾಣಿ, ಪಕ್ಷಿ, ಹೆಜ್ಜೆಗುರುತುಗಳನ್ನೆಲ್ಲ ತಾರೀಕು ಹಾಕಿ ಬರೆದುಕೊಳ್ಳಲಿ. ನಮ್ಮ ಹುಡುಗನ ಪುಸ್ತಕದಲ್ಲಿ ಈಗಾಗಲೇ 41 ಹೆಸರುಗಳಿವೆ.